ಗಾಜಿಗೆ ಕಟ್ಟಿದ ಮೀಟರು

ನಿಂತಲ್ಲಿ ನೆಟ್ಟಗಿದ್ದು ಓಡುವಾಗ ಕೈಕೊಡುವ ಗಾಡಿ ಕಂಡರೆ ನನಗೆ ಆಗುವುದಿಲ್ಲ. ಮನುಷ್ಯರಲ್ಲೂ ಅಂಥವರನ್ನು ಕಂಡರೆ ಆಗುವುದಿಲ್ಲ, ಆ ಮಾತು ಬೇರೆ. ಹುಮನಾಬಾದಿನ ಹೆದ್ದಾರಿ ಪಕ್ಕದಲ್ಲಿ ನಮ್ಮ ಗ್ಯಾರೇಜಿದೆ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊರುವ ಲಾರಿ, ಟ್ರ್ಯಾಕ್ಟರುಗಳೆಲ್ಲ ನಮ್ಮ ಮನೆಯವರ ಪಾಲು. ಪೆಟ್ರೋಲ್ ಕಾರುಗಳು ನನ್ನವು. ಕೆಲಸ ಕಲಿತದ್ದು ಅವರ ಕೈಯಲ್ಲೇ. ಈಗ ಪೆಟ್ರೋಲ್ ಗಾಡಿ ಬಂದರೆ ಅವರೇ ದೂರ ನಿಂತು, “ಆಕೀನ್ನ ಕೇಳ್ರಿ” ಅನ್ನುತ್ತಾರೆ.

ಆ ಶನಿವಾರ ಬೆಳಿಗ್ಗೆ ಬಂದದ್ದು ನನ್ನ ಸ್ವಂತ ತಂಗಿಯ ಕಾರು. ಅವಳು ಮುಡಬಿಯಲ್ಲಿ ಬಾಡಿಗೆಗೆ ಕಾರು ಓಡಿಸುತ್ತಾಳೆ. ಊರಿನ ಕಾಲೇಜು ಹುಡುಗಿಯರನ್ನು ಸೋಮವಾರದಿಂದ ಬಸವಕಲ್ಯಾಣಕ್ಕೆ ಪರೀಕ್ಷೆಗೆ ಕರೆದೊಯ್ಯುವ ಮಾತಾಗಿತ್ತು. ಕಾರೋ, ಏರು ಬಂದರೆ ಸಾಕು, ಕೆಮ್ಮಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಬೇರೆ ಗ್ಯಾರೇಜಿನಲ್ಲಿ, ಟ್ಯಾಂಕಿನಿಂದ ಪೆಟ್ರೋಲ್ ಎತ್ತುವ ಪಂಪನ್ನೇ ಹೊಸದಾಗಿ ಹಾಕಿಸಿದ್ದಳು. ಕೆಲವು ದಿನ ಚೆನ್ನಾಗಿ ಓಡಿ, ಮತ್ತೆ ಅದೇ ರಾಗ.

“ಅಕ್ಕಾ, ಇನ್ನೊಮ್ಮೆ ನಿಂತ್ರ ಹುಡುಗ್ಯಾರನ್ನ ಬ್ಯಾರೆ ಗಾಡ್ಯಾಗ ಕಳಸ್ತೀವಿ ಅಂದಾರ. ಒಬ್ಬಾಕಿ ಅಪ್ಪ ಅಂತೂ ಮಂದಿ ಮುಂದನ ಅಂದ, ಹೆಣ್ಮಗಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೋದು ಅಂತ. ಈ ಬಾಡಿಗಿ ಹೋದ್ರ ಊರಾಗ ನನ್ನ ಗಾಡಿ ಯಾರು ಹತ್ತತಾರ?”

ನನ್ನ ಮೈಯೆಲ್ಲ ಉರಿಯಿತು. “ಗಾಡೀಗಿ ಗಂಡು ಹೆಣ್ಣು ತಿಳೀತದೇನ? ಎತ್ತು ಬಾನೆಟ್!” ಅಂದೆ.

ಮೊದಲು ಪಂಪಿನ ಫ್ಯೂಸು ಕಿತ್ತು, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿದೆ. ಪೈಪಿನಲ್ಲಿ ಒತ್ತಡ ಉಳಿದಿದ್ದರೆ ಬಿಚ್ಚಿದ ಕೂಡಲೇ ಪೆಟ್ರೋಲು ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಆ ಪೈಪಿಗೆ ಒತ್ತಡದ ಮೀಟರು ಜೋಡಿಸಿ, ಫ್ಯೂಸು ಹಾಕಿ ಸ್ಟಾರ್ಟ್ ಮಾಡಿಸಿದೆ. ಮುಳ್ಳು ಎಲ್ಲಿರಬೇಕೋ ಅಲ್ಲೇ ನಿಂತಿತು. ಆಕ್ಸಿಲರೇಟರ್ ಒತ್ತಿದರೂ ಕದಲಲಿಲ್ಲ.

“ನೋಡಿದಿ? ಎಲ್ಲಾರೂ ಹಿಂಗ ಬರೋಬರ್ ಅದ ಅಂತಾರ. ರಸ್ತಿಗಿ ಹೋದ್ರ ಹೆಣದಂಗ ಬೀಳ್ತದ,” ಎಂದು ತಂಗಿ ಮುಖ ಸಣ್ಣ ಮಾಡಿದಳು.

ಹಾಗಾದರೆ ರಸ್ತೆಯಲ್ಲೇ ನೋಡೋಣ ಎಂದೆ. ಉದ್ದನೆಯ ಪೈಪು ಹಾಕಿ, ಬಾನೆಟ್ ಸಂದಿಯಿಂದ ಹೊರತಂದು, ಮೀಟರನ್ನು ಮುಂದಿನ ಗಾಜಿನ ಹೊರಗೆ ಭದ್ರವಾಗಿ ಕಟ್ಟಿದೆ. ತಂಗಿ ಸ್ಟೇರಿಂಗ್ ಹಿಡಿದಳು, ನಾನು ಪಕ್ಕದಲ್ಲಿ ಕುಳಿತು ಮುಳ್ಳನ್ನೇ ನುಂಗುವಂತೆ ನೋಡತೊಡಗಿದೆ. ಬಸವಕಲ್ಯಾಣದ ದಾರಿ ಹಿಡಿದೆವು. ಸಪಾಟು ರಸ್ತೆಯಲ್ಲಿ ಮುಳ್ಳು ನೆಟ್ಟಗಿತ್ತು. ಏರು ಶುರುವಾಯಿತು. ಮುಳ್ಳು ನಡುಗಿತು, ಜಾರಿತು, ಇನ್ನೂ ಜಾರಿತು. ಕಾರು ಕೆಮ್ಮಿತು.

“ಸಿಕ್ಕ ಕಳ್ಳ!” ಎಂದು ನಾನು ಕೂಗಿದ ರಭಸಕ್ಕೆ ತಂಗಿ ಬೆಚ್ಚಿಬಿದ್ದಳು. “ಗಾಡಿ ನಿಂತದ, ನೀ ಕುಣ್ಯಾಕತ್ತಿ?”

ಕುಣಿಯದೆ ಏನು ಮಾಡಲಿ? ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಮುಳ್ಳು ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಪಂಪು ಸತ್ತಿಲ್ಲ. ಜೋರಾಗಿ ಎಳೆದಾಗ ಏನೋ ಬಂದು ಅದರ ಬಾಯಿ ಮುಚ್ಚುತ್ತಿದೆ, ಎಳೆತ ನಿಂತರೆ ಉದುರುತ್ತಿದೆ. ಅಂದರೆ ಕಳ್ಳ ಟ್ಯಾಂಕಿನೊಳಗೇ ಕೂತಿದ್ದಾನೆ.

ಗ್ಯಾರೇಜಿಗೆ ಮರಳಿ, ಕಾರನ್ನು ಬಯಲಿಗೆ ನಿಲ್ಲಿಸಿ, ಬ್ಯಾಟರಿ ವೈರು ತೆಗೆದೆ. ಹಿಂದಿನ ಸೀಟು ಎತ್ತಿ ಪಂಪನ್ನು ಹೊರಗೆಳೆದೆ. ಅದರ ಬಾಯಿಗೆ ಸಣ್ಣ ಜಾಳಿಗೆಯ ಚೀಲವಿರುತ್ತದೆ, ಕಸ ತಡೆಯಲು. ಅದರ ಮೇಲೆಲ್ಲ ಬಿಳಿ ಬಿಳಿ ಎಳೆ ಮೆತ್ತಿಕೊಂಡಿತ್ತು. ಟ್ಯಾಂಕಿನ ತಳದಲ್ಲೂ ಅದೇ. ಬೆರಳಲ್ಲಿ ತಿಕ್ಕಿ ನೋಡಿದೆ. ಮಣ್ಣಲ್ಲ, ತುಕ್ಕಲ್ಲ. ನೂಲು!

“ಏನವ್ವಾ, ಪೆಟ್ರೋಲ್ ಹ್ಯಾಂಗ ಹಾಕ್ತಿ?”

“ಊರಾಗ ಬಾಟ್ಲಿ ಪೆಟ್ರೋಲ್ ಸಿಗ್ತದಲ್ಲ, ಅದನ್ನ ಸೋಸಿ ಹಾಕ್ತೀನಿ.”

“ಎದರಾಗ ಸೋಸ್ತಿ?”

“ಅವ್ವನ ಸೀರಿ ತುಂಡಿನ್ಯಾಗ. ದಿನಾ ಒಗೀತೀನಿ ಅಕ್ಕಾ, ಹಂಗ ಹೊಲಸ ಅರಿವಿ ಅಲ್ಲ ಅದು!”

ನಾನು ಅಲ್ಲೇ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಮ್ಮ ಅವ್ವ ಬದುಕಿದ್ದಷ್ಟು ದಿನ ನಮ್ಮ ಮನೆಯಲ್ಲಿ ಬಟ್ಟೆಯಲ್ಲಿ ಸೋಸದೆ ಒಂದು ಹನಿ ನೀರೂ ಕೊಡಕ್ಕಿಳಿದದ್ದಿಲ್ಲ. ಸೋಸದೆ ಕುಡಿದರೆ ಅವಳ ದೃಷ್ಟಿಯಲ್ಲಿ ಅದು ಪಾಪವೇ. ಅವಳು ಹೋದ ಮೇಲೆ ಅವಳ ಮೆತ್ತನೆಯ ನೂಲಿನ ಸೀರೆಯನ್ನು ನಾವಿಬ್ಬರೇ ಹರಿದು ಹಂಚಿಕೊಂಡಿದ್ದೆವು. ನನ್ನ ಪಾಲು ಇವತ್ತಿಗೂ ನನ್ನ ಕೊಡದ ಬಾಯಿಗಿದೆ. ಇವಳು ತನ್ನ ಪಾಲನ್ನು ಕಾರಿಗೆ ಮೀಸಲಿಟ್ಟಿದ್ದಳು! ಒಗೆದಷ್ಟೂ ಬಟ್ಟೆ ಜಾಳಾಗಿ ಎಳೆ ಬಿಡುತ್ತಿತ್ತು, ಆ ಎಳೆಯೆಲ್ಲ ಟ್ಯಾಂಕಿಗೆ. ಇವಳ ಮಡಿ ಹೆಚ್ಚಾದಂತೆ ಕಾರಿನ ಉಸಿರು ಕಟ್ಟುತ್ತಿತ್ತು. ತಂಗಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳೂ ನಕ್ಕಳು.

ಟ್ಯಾಂಕು ಇಳಿಸಿ ತೊಳೆದೆ, ಒಣಗಿಸಿದೆ. ಪೈಪು ಊದಿದೆ. ಹೊಸ ಜಾಳಿಗೆ, ಹೊಸ ಫಿಲ್ಟರು ಹಾಕಿದೆ. ಮತ್ತೆ ಮೀಟರು ಗಾಜಿಗೆ ಕಟ್ಟಿಕೊಂಡು ಅದೇ ಏರಿಗೆ ಹೋದೆವು. “ಒತ್ತು, ಹೆದರಬ್ಯಾಡ, ಒತ್ತು!” ಎಂದೆ. ಕಾರು ಏರಿನ ನೆತ್ತಿಗೆ ಹೋಗಿ ನಿಂತಾಗ ಮುಳ್ಳು ಕೂದಲೆಳೆಯಷ್ಟೂ ಸರಿದಿರಲಿಲ್ಲ. ತಂಗಿ ಹಾರ್ನ್ ಒತ್ತಿದವಳು ಕೈ ತೆಗೆಯಲೇ ಇಲ್ಲ. ನಾನೂ ತೆಗೆ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಸಾಮಾನು ತರುವ ನೆಪ ಮಾಡಿ ಬಸವಕಲ್ಯಾಣದ ಬಸ್ಸು ಹತ್ತಿದೆ. “ಯಾವ ಸಾಮಾನು?” ಎಂದು ಮನೆಯವರು ಕೇಳಿ ನಕ್ಕರು. ಕಾಲೇಜಿನ ಗೇಟಿನ ಎದುರು ನಿಂತು ಮುಡಬಿಯ ದಾರಿ ನೋಡತೊಡಗಿದೆ. ಗಂಟೆ ಹೊಡೆಯಲು ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ತಂಗಿಯ ಕಾರು ಬಂತು. ಹುಡುಗಿಯರು ಪುಸ್ತಕ ತಿರುವುತ್ತಲೇ ಇಳಿದು ಒಳಗೆ ಹೋದರು. ಯಾರಿಗೂ ಕಾರಿನ ಧ್ಯಾನವೇ ಇರಲಿಲ್ಲ. ಅದಕ್ಕಿಂತ ದೊಡ್ಡ ಶಾಬಾಸ್ ನನಗೆ ಬೇಡ.

ಕಾರಿನ ಹಿಂದೆಯೇ ಧೂಳು ಮೆತ್ತಿಕೊಂಡ ಒಬ್ಬ ಬೈಕಿನಿಂದ ಇಳಿದ. ಮಂದಿ ಮುಂದೆ ಮಾತಾಡಿದ್ದ ಆ ಅಪ್ಪ ಇವನೇ ಎಂದು ತಂಗಿ ಕಣ್ಣಲ್ಲೇ ತೋರಿಸಿದಳು. ಗಾಡಿ ನಿಂತರೆ ಮಗಳನ್ನು ಹತ್ತಿಸಿಕೊಳ್ಳೋಣವೆಂದು ಮುಡಬಿಯಿಂದ ಬೆನ್ನು ಹತ್ತಿ ಬಂದಿದ್ದನಂತೆ.

“ಎಲ್ಲಿ ನಿಂತಿತ್ರಿ?” ಎಂದೆ ನಾನು, ಬೇಕೆಂತಲೇ.

ಅವನು ಟವಲಿನಿಂದ ಮುಖ ಒರೆಸಿಕೊಂಡ. “ಎಲ್ಲಿ ನಿಂದರ್ತದ್ರಿ ಅಕ್ಕಾರ, ಏರಿನ್ಯಾಗ ನನ್ನ ಬೈಕೇ ಹಿಂದ ಬಿತ್ತು.” ಆಮೇಲೆ ತಂಗಿಯ ಕಡೆ ತಿರುಗಿ, “ನಾಳಿಂದ ನಾ ಬರಂಗಿಲ್ಲ ತಂಗೀ. ನೀನೇ ಕರಕೊಂಡ್ ಬಾ,” ಎಂದ.