ಗಟ್ಟಿ ಎಣ್ಣೆಯೂ ಅತ್ತೆಯ ಬೀಸುಕಲ್ಲೂ

ಬೆಳ್ಳಗಿರುವುದೆಲ್ಲಾ ಹಾಲಲ್ಲ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಾಲು ತಂದವಳ ಎದುರಿಗೇ ತಂಬಿಗೆಯಲ್ಲಿ ಬೆರಳದ್ದಿ ನೋಡುವವಳು ನಾನು. ಹಾಗಾಗಿ ನನ್ನ ಗಂಡ ಗಿರಣಿಯ ಬೆಲ್ಟ್ ತರಲು ಅಫಜಲಪುರಕ್ಕೆ ಹೋಗಿ, ಜೊತೆಗೊಂದು ಹಸಿರು ಡಬ್ಬಿಯನ್ನೂ ತಂದಾಗ ಮೊದಲು ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ. ನನಗೆ ಅದೇ ಸರಿಬರಲಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಕೊಳಕೂರಿನಾಚೆಗಿನ ನಮ್ಮ ಊರಿನಲ್ಲಿ ಇದ್ದದ್ದು ನಮ್ಮದೊಂದೇ ಹಿಟ್ಟಿನ ಗಿರಣಿ, ಡೀಸೆಲ್ ಇಂಜಿನ್ನಿನದು. ಹೊಲ ಇಲ್ಲದ ನಮಗೆ ಅದೇ ಅನ್ನ. ಆದರೆ ಕಲ್ಲು ತಿರುಗಿಸುವ ಶಾಫ್ಟಿನ ಬೇರಿಂಗಿಗೆ ವಯಸ್ಸಾಗಿತ್ತು. ಎಷ್ಟು ಎಣ್ಣೆ ಬಿಟ್ಟರೂ ಸೋರಿಹೋಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಇಡೀ ಓಣಿಗೆ ಕೇಳುವಂತೆ ಕಿರುಚುತ್ತಿತ್ತು.

"ಇದನ್ನ ಎಣ್ಯಾಗ ಕಲಸಿದ್ರ ಎಣ್ಣಿ ಗಟ್ಟಿ ಆಗ್ತದ. ಕಬ್ಬಿಣಕ್ಕ ಅಂಟ್ಕೊಂಡು ಕುಂದರ್ತದ, ಕೆಳಗ ಇಳಿಯಂಗಿಲ್ಲ. ಬೇರಿಂಗ್ ಸವಿಯಂಗಿಲ್ಲ" ಎಂದರು ಗಂಡ.

"ಅದರಾಗ ಏನ್ ಹಾಕ್ಯಾರಂತ ಕೇಳಿದ್ರೇನು?"

"ಕಂಪನಿ ಮಾಲ್ ಅದ. ನಿನಗ ಎಲ್ಲಾದ್ರಾಗೂ ಅನುಮಾನ."

ಮನೆಯ ಅಂಗಳದಲ್ಲೇ ಕಲಸಿದರು. ಎಣ್ಣೆ ಬೆಂಡೆಕಾಯಿಯ ಲೋಳೆಯಂತಾಯಿತು. ಕಡ್ಡಿ ಎತ್ತಿದರೆ ನೂಲಿನಂತೆ ಜೋತುಬೀಳುತ್ತಿತ್ತು. ಪಕ್ಕದ ಮುಸಲ್ಮಾನರ ಮನೆಯ ಖಾಲಾ ಗೋಡೆಯ ಮೇಲಿಂದ ಇಣುಕಿ, "ಅದರಾಗ ಏನದ?" ಎಂದು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆ ಏನೂ ಕೇಳದೆ ಒಳಗೆ ಹೋದರು.

ಮರುದಿನ ಶಾಫ್ಟು ಉಸಿರೆತ್ತದೆ ತಿರುಗಿತು. ಬೇರಿಂಗು ಮುಟ್ಟಿದರೆ ತಣ್ಣಗಿತ್ತು. ಗಂಡ ಮೀಸೆಯಲ್ಲೇ ನಕ್ಕರು. ನನಗೆ ಮಾತ್ರ ಸಮಾಧಾನವಿಲ್ಲ. ದಿನವೂ ಜಗಳವಾಡುವ ಓರಗಿತ್ತಿ ಒಮ್ಮೆಲೇ ಸುಮ್ಮನಾದರೆ ಹೇಗೋ, ಹಾಗಿತ್ತು.

ಆಮೇಲೆ ಜೋಳದ ಬುಟ್ಟಿಗಳು ಕಡಿಮೆಯಾಗತೊಡಗಿದವು. ಮೊದಲು ಲಿಂಗಾಯತರ ಮನೆಯವು, ಬೆನ್ನಿಗೇ ಮುಸಲ್ಮಾನರ ಓಣಿಯವು. ನಮ್ಮ ಗಿರಣಿಯ ಮುಂದೆಯೇ ಹೆಂಗಸರು ಮುಖ ತಿರುಗಿಸಿಕೊಂಡು ಪಕ್ಕದ ಊರಿನ ಗಿರಣಿಗೆ ಹೋಗುತ್ತಿದ್ದರು. "ಇಂಜಿನ್ ಮಾರಿ ಗುಲ್ಬರ್ಗಾಕ್ಕ ಹಮಾಲಿಗಿ ಹೋಗೂದ ಬರ್ತದ" ಎಂದು ಗಂಡ ತಲೆಯ ಮೇಲೆ ಕೈಹೊತ್ತು ಕೂತರು. ನಾನು ಆ ಊರಿನ ಗಿರಣಿಯವನನ್ನು ಅನುಮಾನಿಸಿದೆ. ಕೊನೆಗೆ ಖಾಲಾನ ಮೇಲೆ ಕಣ್ಣು ನಿಂತಿತು. ಗೋಡೆಯ ಮೇಲಿಂದ ಇಣುಕಿದವಳು ಅವಳೊಬ್ಬಳೇ ತಾನೇ! ಅವಳ ಮನೆಗೆ ಮಜ್ಜಿಗೆ ಕೊಡುವುದನ್ನೇ ನಿಲ್ಲಿಸಿಬಿಟ್ಟೆ.

ಆ ದಿನಗಳಲ್ಲಿ ಚೆನ್ನಾಗಿದ್ದದ್ದು ಅತ್ತೆ ಬಡಿಯುತ್ತಿದ್ದ ರೊಟ್ಟಿ ಒಂದೇ. "ರೊಟ್ಟಿ ಭಾಳ ರುಚಿ ಆಗ್ಯಾವ್ರಿ ಅತ್ತಿ" ಎಂದರೆ, "ಜೋಳ ಛಲೋ ಅದ" ಎನ್ನುತ್ತಿದ್ದರು. ನಾನು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗದೆ ಖಾಲಾನ ಮನೆಗೇ ನುಗ್ಗಿದೆ. "ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡದ್ರಿ ಖಾಲಾ? ಮಂದಿಗೆ ಏನ್ ಹೇಳಿದ್ರಿ?"

ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ನಾ ಯಾರಿಗೂ ಏನೂ ಹೇಳಿಲ್ಲ ಬೇಟಿ. ನೀವಿಬ್ರು ಗಿರಣಿಗೆ ಹೋದ ಮ್ಯಾಲ ನಿಮ್ಮ ಮನ್ಯಾಗ ಬೀಸುಕಲ್ಲು ತಿರಗ್ತದ. ಓಣಿಗೆಲ್ಲಾ ಕೇಳಸ್ತದ. ಗಿರಣಿ ಮಾಲಕನ ಅವ್ವನೇ ಗಿರಣಿ ಹಿಟ್ಟು ಒಲ್ಲೆ ಅಂದ್ರ ನಾವು ಹ್ಯಾಂಗ ತಿನ್ನೂದು? ಗಿರಣ್ಯಾಗ ಆ ಲೋಳಿ ಎಲ್ಲಾರೂ ನೋಡ್ಯಾರ. ಅದರಾಗಿನ ಚರಬಿ, ಕೊಬ್ಬು, ಹಿಟ್ಟಿಗೆ ಬೀಳ್ತದಂತ ನಿಮ್ಮವರಿಗೊಂದು ಭಯ, ಅದು ಯಾವ ಜಾನವಾರದ್ದೋ ಅಂತ ನಮಗೊಂದು ಭಯ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ! ಮನೆಗೆ ಬಂದರೆ ಅತ್ತೆ ಪಡಸಾಲೆಯಲ್ಲಿ ಬೀಸುತ್ತ ಕೂತಿದ್ದರು. ನನ್ನನ್ನು ಕಂಡರೂ ಕಲ್ಲು ನಿಲ್ಲಿಸಲಿಲ್ಲ.

"ಆ ಲೋಳಿ ನೋಡಿದ್ರ ಚರಬಿ ಅನಸ್ತದವ್ವ. ಕೊರಳಾಗ ಲಿಂಗ ಕಟ್ಕೊಂಡು ಹ್ಯಾಂಗ ತಿನ್ಲಿ?"

"ಒಂದು ಮಾತು ಹೇಳಬಾರದಿತ್ತೇನ್ರಿ?"

"ಮಗ ಖುಷಿಲೆ ತಂದಾನ. ಹೇಳಿದ್ರ ನೊಂದ್ಕೋತಿದ್ದ."

ಸಿಟ್ಟು ನೆತ್ತಿಗೇರಿತ್ತು. ಆದರೆ ಆ ಅಂಗೈಯ ಬೊಬ್ಬೆಗಳನ್ನು ನೋಡಿ ಕಲ್ಲಿನ ಗೂಟಕ್ಕೆ ನಾನೂ ಕೈ ಹಾಕಿದೆ. ಅದು ಚರಬಿ ಅಲ್ಲ ಎಂದು ಆಣೆ ಮಾಡೋಣವೆಂದರೆ ನನಗೂ ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ಹಲ್ಲುಗಳಿರುವ ಗಾಲಿಯೊಂದರ ಚಿತ್ರವಿತ್ತು, ಅಷ್ಟೇ. ನನ್ನಿಂದ ಸಂಗತಿ ತಿಳಿದು ಗಂಡ ಮತ್ತೆ ಅಫಜಲಪುರಕ್ಕೆ ಹೋಗಿ ಕೇಳಿದರೆ ಅಂಗಡಿಯವನು, "ಮ್ಯಾಲಿಂದ ಬರ್ತದ, ನಾವು ಮಾರ್ತೇವಿ" ಎಂದನಂತೆ.

ಮರುದಿನ ಬೆಳಿಗ್ಗೆ ಗಂಡ ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆದು, ಬರೀ ಎಣ್ಣೆ ಬಿಟ್ಟು ಇಂಜಿನ್ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಶಾಫ್ಟು ಮೊದಲಿನಂತೆ ಕಿರುಚಿತು. ನಾವಿಬ್ಬರೂ ಬೀದಿ ನೋಡುತ್ತ ನಿಂತೆವು. ಮೊದಲು ಬಂದವರು ಅತ್ತೆ. ಜೋಳದ ಬುಟ್ಟಿ ತಲೆಯ ಮೇಲೆ ಹೊತ್ತು, ಹತ್ತಿರದ ದಾರಿ ಬಿಟ್ಟು ಎಲ್ಲ ಓಣಿ ಸುತ್ತಿಕೊಂಡು ಬಂದರು. ಅವರ ಹಿಂದೆ ಖಾಲಾ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಗಳ ಸಾಲು ಹೊರಗಿನ ಬೇವಿನ ಮರ ಮುಟ್ಟಿತ್ತು.

ಗಂಡ ಬೇರಿಂಗಿನ ಮೇಲೆ ಕೈಯಿಟ್ಟು ಥಟ್ಟನೆ ತೆಗೆದರು. "ಸವಿಯಾಕತ್ತದ ಯವ್ವಾ."

"ಸವೀಲಿ ಬಿಡಪ್ಪ. ಮಂದಿಗೆ ಕೇಳಸ್ಲಿ" ಎಂದರು ಅತ್ತೆ.

ಬೇಸಿಗೆಗೆ ಮುಂಚೆಯೇ ಅದು ಪೂರ್ತಿ ಹೋಯಿತು. ಹೊಸದನ್ನು ಕೂರಿಸಿದೆವು. ಹೊಸ ಬೇರಿಂಗು, ಬರೀ ಎಣ್ಣೆ, ಆದರೂ ಗಟ್ಟಿ ಎಣ್ಣೆ ಹಾಕಿದಾಗಿನಂತೆಯೇ ಯಾವ ಸದ್ದೂ ಇಲ್ಲ. ಆ ಮಧ್ಯಾಹ್ನ ನಾನು ಗಿರಣಿಯನ್ನು ಗಂಡನಿಗೆ ಬಿಟ್ಟು ಮನೆಗೆ ಓಡಿದೆ. ಒಳಗೆ ಹೋಗಲಿಲ್ಲ. ಬಾಗಿಲ ಹೊರಗೆ ನಿಂತು, ಬೀಸುಕಲ್ಲಿನ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟೆ.