ಅಕ್ಕನ ತಾಟಿನ ಕಡೇ ತುತ್ತು

ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿ ಕಸಬರಿಗೆಯಿಂದ ಒರೆಸುವಾಗ ಒಂದು ಸಪ್ಪಳ ಬರುತ್ತದೆ. ಚುಂಯ್ ಎಂದು ಉಗಿ ಎದ್ದು, ಆಮೇಲೆ ಸುಮ್ಮನಾಗುತ್ತದೆ. ಆ ಸಪ್ಪಳ ಕೇಳಿದರೆ ಎಲ್ಲರಿಗೂ ಹಸಿವು ಹುಟ್ಟುತ್ತದೆ, ನನಗೆ ಇದ್ದ ಹಸಿವೂ ಹೋಗುತ್ತದೆ. ಹೋದ ವಾರ ಸಿಂಧನೂರಿನಲ್ಲಿ ಮೊಮ್ಮಗಳು ಹೊಸದೊಂದು ಹೋಟೆಲಿಗೆ ಕರೆದುಕೊಂಡು ಹೋದಳು. ಅಲ್ಲಿ ಕೂಡಲು ಕುರ್ಚಿಯೇ ಇಲ್ಲ. ಚೀಟಿ ಕೊಟ್ಟು, ಪ್ಲೇಟು ಇಸಿದುಕೊಂಡು, ಎದೆಮಟ್ಟದ ಮೇಜಿನ ಮುಂದೆ ನಿಂತು ತಿನ್ನಬೇಕು. ನಿಂತು ತಿನ್ನುವುದಾದರೆ ನಮಗೂ ದನಕ್ಕೂ ಏನು ಫರಕು ಎಂದು ಬೈದೆ. ಅವಳು ನಕ್ಕಳು. ಅಷ್ಟರಲ್ಲಿ ಒಳಗೆ ಹೆಂಚಿನ ಮೇಲೆ ನೀರು ಬಿತ್ತು. ಕೈಯಲ್ಲಿದ್ದ ಪ್ಲೇಟನ್ನು ಅವಳ ಮುಂದೆ ಸರಿಸಿ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಜವಳಗೇರಾದ ಹತ್ತಿರ ಕಾಲುವೆ ದಂಡೆಗೆ ಇತ್ತು. ಮಣ್ಣಿನ ಮಾಳಿಗೆ, ಒಂದು ಪಡಸಾಲೆ, ಒಂದು ಅಡುಗೆಮನೆ, ಅಷ್ಟೇ. ಈಗ ಅದರ ಗುರುತೂ ಇಲ್ಲ, ಆ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಅಪ್ಪ, ಅವ್ವ, ಅಮ್ಮ ಅಂದರೆ ಅಪ್ಪನ ತಾಯಿ, ಅಕ್ಕ ಗಂಗಿ, ನಾನು. ಮಂದಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಉಣ್ಣುವವರು. ಸಂಜೆ ಭತ್ತದ ಹಸಿ ವಾಸನೆ, ಕೆಸರಿನ ವಾಸನೆ, ಒಲೆಯ ಹೊಗೆ ಮೂರೂ ಕೂಡಿ ಪಡಸಾಲೆಯಲ್ಲಿ ನಿಲ್ಲುತ್ತಿದ್ದವು. ಆ ಮನೆಯಲ್ಲಿ ದೊಡ್ಡ ನೇಮ ಯಾವುದೂ ಇರಲಿಲ್ಲ, ಒಂದೇ ಒಂದು ಇತ್ತು. ತಾಟಿನ ಮುಂದೆ ಕುಳಿತವರನ್ನು ಯಾರೂ ಎಬ್ಬಿಸಬಾರದು. ಕರೆಯಲೂ ಬಾರದು. ಎಬ್ಬಿಸಿದರೆ ಆ ಮನುಷ್ಯನ ಅನ್ನ ಮುನಿದು ಹೋಗುತ್ತದೆ ಎಂದು ಅಮ್ಮ ನಂಬಿದ್ದಳು. ಒಮ್ಮೆ ಕಾಲುವೆ ಒಡೆದು ಗದ್ದೆಗೆ ನೀರು ನುಗ್ಗಿದೆ ಎಂದು ಗೌಡರ ಆಳು ಓಡಿ ಬಂದ. ಅಪ್ಪ ಉಣ್ಣುತ್ತಿದ್ದ. ಅಮ್ಮ ಬಾಗಿಲಿಗೆ ಅಡ್ಡ ನಿಂತು, ನೀರು ಎಲ್ಲಿಗೂ ಹೋಗಂಗಿಲ್ಲ, ನಿಂದರು ಎಂದಳು. ಅಪ್ಪ ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆದ ಮೇಲೆಯೇ ಸಲಿಕೆ ಹಿಡಿದ. ಊರೆಲ್ಲ ನಕ್ಕಿತು. ಅಮ್ಮ ಯಾರ ನಗುವಿಗೂ ಸೊಪ್ಪು ಹಾಕಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೇನೋ ಒಂದು ಇದ್ದಿರಬೇಕು, ಈಗ ಇರಲಿಕ್ಕಿಲ್ಲ.

ಇನ್ನೊಂದು ರೂಢಿ ಇತ್ತು, ಅದು ಅಕ್ಕನದು ಮತ್ತು ನನ್ನದು. ಅವಳ ತಾಟಿನ ಕಡೇ ತುತ್ತು ನನ್ನದು. ನಾನು ಹಾಲು ಬಿಟ್ಟಾಗಿನಿಂದ ಹಾಗೆಯೇ. ಅವಳು ಎಷ್ಟೇ ಹಸಿದಿದ್ದರೂ ತಾಟಿನ ಅಂಚಿಗೆ ಒಂದು ತುತ್ತು ಸರಿಸಿ ಕೈ ತೆಗೆಯುತ್ತಿದ್ದಳು, ನಾನು ಕೇಳದೆ ಎತ್ತಿಕೊಳ್ಳುತ್ತಿದ್ದೆ. ಸಾರಿನಲ್ಲಿ ನೆನೆದ ಆ ತುತ್ತಿನ ರುಚಿ ನನ್ನ ತಾಟಿನ ಅನ್ನಕ್ಕೆ ಇರುತ್ತಿರಲಿಲ್ಲ.

ಅಕ್ಕನನ್ನು ಮಸ್ಕಿ ದಾಟಿ ಲಿಂಗಸುಗೂರಿನ ಹಾದಿಯಲ್ಲಿರುವ ಒಂದು ಊರಿಗೆ ಕೊಟ್ಟರು. ಅವಳಿಗೆ ಹದಿನಾರು ಇರಬೇಕು, ನನಗೆ ಎಂಟು. ಅದು ಎಂಬತ್ತನೇ ಇಸವಿಯ ಹಿಂದುಮುಂದು. ಒಣಭೂಮಿಯ ಊರು, ಜೋಳ ಬೆಳೆಯುವವರು, ನಮಗಿಂತ ಅನುಕೂಲಸ್ಥರು. ಮೊದಲ ನಾಗರ ಪಂಚಮಿಗೆ ತವರಿಗೆ ಬಂದವಳು ಹಬ್ಬ ಮುಗಿದು ಹದಿನೈದು ದಿನವಾದರೂ ಹೋಗುತ್ತೇನೆ ಎನ್ನಲಿಲ್ಲ. ಅವ್ವ ತಲೆಗೆ ಎಣ್ಣೆ ಹಚ್ಚುತ್ತ ಹೊಡೆಯುತ್ತಾರೇನು ಎಂದು ಕೇಳಿದಳು, ಇಲ್ಲ ಎಂದಳು. ಬೈಯುತ್ತಾರೇನು ಎಂದರೆ ಅದಕ್ಕೂ ಇಲ್ಲ. ಮತ್ತೇನು ಬ್ಯಾನಿ ನಿನಗೆ ಎಂದು ಅವ್ವ ಸಿಟ್ಟು ಮಾಡಿದಾಗ ಅಕ್ಕ ಮೆಲ್ಲಗೆ ಹೇಳಿದಳು.

"ಉಣ್ಣೂವಾಗ ಎಬ್ಬಸ್ತಾರಬೇ ಯವ್ವಾ. ದಿನಾ ಎಬ್ಬಸ್ತಾರ."

ಅವ್ವನ ಕೈ ಅವಳ ತಲೆಯ ಮೇಲೆಯೇ ನಿಂತಿತು. ನೀರು ತಾ ಎನ್ನುವುದು, ದನಕ್ಕೆ ಮೇವು ಹಾಕು ಎನ್ನುವುದು, ತಿರುಗಿ ಬರುವುದರೊಳಗೆ ತಾಟು ಎತ್ತಿ ಬಿಡುವುದು. ಇದನ್ನು ಹೋಗಿ ಯಾರ ಮುಂದೆ ಹೇಳುವುದು? ಹೊಡೆದರೆ ನಾಲ್ಕು ಮಂದಿ ಹಿರಿಯರನ್ನು ಕೂಡಿಸಬಹುದು. ತಾಟಿನಿಂದ ಎಬ್ಬಿಸಿದರು ಎಂದರೆ ಹಿರಿಯರು ನಗುತ್ತಾರೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಎರಡು ದಿನ ಕತ್ತಲಾಗುವ ತನಕ ಗದ್ದೆಯಲ್ಲೇ ಉಳಿದ. ಮೂರನೇ ದಿನ ಗಂಡನ ಮನೆಯಿಂದ ಹೇಳಿಕಳಿಸಿದರು: ಈ ವಾರ ಕಳಿಸಿದರೆ ಕಳಿಸಿರಿ, ಇಲ್ಲವಾದರೆ ನಿಮ್ಮಲ್ಲೇ ಇಟ್ಟುಕೊಳ್ಳಿರಿ. ಅಮ್ಮ ಅಕ್ಕನ ಸೀರೆಗಳನ್ನು ತಾನೇ ಗಂಟು ಕಟ್ಟಿದಳು. ಬೇರೆ ದಾರಿ ಯಾರಿಗೂ ಕಾಣಲಿಲ್ಲ.

ಬಿಡಲು ಹೋದವರು ಅಪ್ಪ ಮತ್ತು ನಾನು. ಸಿಂಧನೂರಿಗೆ ಬಂದು ಬಸ್ಸು ಬದಲಿಸಬೇಕು. ಬಸ್ ಸ್ಟ್ಯಾಂಡಿನ ಎದುರಿಗೆ ತಗಡಿನ ಹೋಟೆಲು. ಬಸ್ಸು ಹತ್ತುವವರಿಗೇ ಇಟ್ಟ ಹೋಟೆಲು ಅದು, ಅಲ್ಲಿ ಎಲ್ಲವೂ ಅವಸರ. ಕೂಡುವುದರೊಳಗೆ ನೀರು, ನೀರು ಕುಡಿಯುವುದರೊಳಗೆ ದೋಸೆ, ಕಡೇ ಚೂರು ಬಾಯಿಗೆ ಹಾಕುವುದರೊಳಗೆ ಒದ್ದೆ ಅರಿವೆಯಿಂದ ಮೇಜು ಒರೆಸಿಬಿಡುವರು. ಅಪ್ಪ ಮೂವರಿಗೂ ದೋಸೆ ಹೇಳಿದ. ಹೋಟೆಲಿನ ದೋಸೆ ಅದೇ ಮೊದಲ ಸಲ ನನಗೆ. ಅಂಚು ಕಟುಕಟು ಎನ್ನುತ್ತಿತ್ತು, ನಡುವೆ ಮೆತ್ತಗೆ, ಹುರಿಗಡಲೆಯ ಪುಟಾಣಿ ಚಟ್ನಿಯಲ್ಲಿ ಹಸಿಮೆಣಸಿನಕಾಯಿ ಖಾರ ಮೂಗಿಗೆ ಏರುತ್ತಿತ್ತು. ನಾನು ತಲೆ ಎತ್ತದೆ ತಿಂದೆ, ಅಪ್ಪನೂ ಬೇಗ ತಿಂದ. ಅಕ್ಕ ಮಾತ್ರ ಉಗುರಿನಷ್ಟು ಹರಿದು, ಚಟ್ನಿಯಲ್ಲಿ ಹೊರಳಿಸಿ, ಒಂದೊಂದೇ ಬಾಯಿಗೆ ಇಡುತ್ತಿದ್ದಳು.

ಹೊರಗೆ ಕಂಡಕ್ಟರ್ ಮಸ್ಕಿ, ಲಿಂಗಸೂರ, ಲಿಂಗಸೂರ ಎಂದು ಕೂಗಿದ. ಅಕ್ಕನ ಪ್ಲೇಟಿನಲ್ಲಿ ಇನ್ನೂ ದೋಸೆ ಇತ್ತು, ಅಪ್ಪ ಏಳಲಿಲ್ಲ. ಆ ಬಸ್ಸು ಹೋಯಿತು. ಮೇಜು ಒರೆಸುವವನು ಬಂದು ಪ್ಲೇಟಿಗೆ ಕೈ ಹಾಕಿದ, ದಪ್ಪ ಮೀಸೆಯ ಹಿರೀಮನುಷ್ಯ, ಹೆಗಲ ಮೇಲೆ ಒದ್ದೆ ಅರಿವೆ. ಅಪ್ಪ ಅವನ ಕೈ ತಡೆದ.

"ಉಣ್ಣಾಕತ್ತಾಳ. ನಿಂದರು."

"ದೋಸಿ ತಿನ್ನಾಕತ್ತಾಳೋ, ಬ್ಯಾಸಾಯ ಮಾಡಾಕತ್ತಾಳೋ?" ಎಂದ ಅವನು. ಪಕ್ಕದ ಮೇಜಿನವರು ನಕ್ಕರು. ಅಕ್ಕನೂ ನಕ್ಕಳು. ಅವಳು ಪೂರಾ ಬಾಯಿ ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಕಡೇ ಸಲ. ಅವನು ಹೆಂಚಿನ ಕಡೆ ಹೋದ, ಹೆಂಚಿನ ಮೇಲೆ ನೀರು ಬಿತ್ತು, ಚುಂಯ್ ಎಂದಿತು. ಜನ ಬಂದರು, ತಿಂದರು, ಎದ್ದು ಹೋದರು. ಇನ್ನೊಂದು ಬಸ್ಸು ಕೂಗಿ ಅದೂ ಹೋಯಿತು. ಅಪ್ಪ ಬಾಗಿಲ ಕಡೆ ನೋಡುತ್ತ ಕುಳಿತಿದ್ದ. ಪ್ಲೇಟಿನ ಅಂಚಿನಲ್ಲಿ ಮೂರು ಬೆರಳಿನಷ್ಟು ದೋಸೆ ಉಳಿದಿತ್ತು. ಅಕ್ಕ ಅದನ್ನು ಅಲ್ಲಿಗೆ ಸರಿಸಿ, ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ನಾನು ಅದನ್ನು ಎತ್ತಿ ತಿಂದೆ.

ಅಂಚಿಗೆ ಸರಿಸಿದ್ದಳಲ್ಲ, ಕೈ ತೆಗೆದಿದ್ದಳಲ್ಲ. ಮನೆಯಲ್ಲಿ ಯಾವತ್ತೂ ಹಾಗೆಯೇ ಅಲ್ಲವೇ. ಬಾಯಲ್ಲಿ ಇಟ್ಟುಕೊಂಡು ಅವಳ ಮುಖ ನೋಡಿದೆ. ಅಕ್ಕ ನನ್ನನ್ನು ನೋಡಲಿಲ್ಲ, ಖಾಲಿ ಪ್ಲೇಟನ್ನು ನೋಡುತ್ತಿದ್ದಳು. ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪನೂ ಪ್ಲೇಟು ನೋಡಿದ. ಯಾರೂ ನನ್ನನ್ನು ಬೈಯಲಿಲ್ಲ. ಒರೆಸುವವನು ಎಲ್ಲಿದ್ದನೋ, ಬಂದು ಪ್ಲೇಟು ಎತ್ತಿ ಮೇಜು ಒರೆಸಿದ. ಅಪ್ಪ ಗಂಟು ತೆಗೆದುಕೊಂಡು ಎದ್ದು ನಿಂತ. "ನಡಿಯವ್ವಾ" ಎಂದ. ದೋಸೆ ಇನ್ನೂ ನನ್ನ ಬಾಯಲ್ಲೇ ಇತ್ತು. ಮೂರನೇ ಬಸ್ಸಿನಲ್ಲಿ ಅಕ್ಕ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಮಸ್ಕಿ ಬರುವ ತನಕ ನನ್ನ ಜಡೆ ಬಿಚ್ಚುವುದು, ಹೆಣೆಯುವುದು, ಮತ್ತೆ ಬಿಚ್ಚುವುದು, ಅದನ್ನೇ ಮಾಡಿದಳು.

ಮುಂದಿನ ಪಂಚಮಿಗೆ ಅವಳನ್ನು ಕಳಿಸಲಿಲ್ಲ. ಅದರ ಮುಂದಿನ ವರ್ಷ ಬಸಿರಾಗಿದ್ದಾಳೆ ಎಂದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಅಪ್ಪ ಕರೆಯಲು ಹೋದರೂ ಅವರು ಕಳಿಸಲಿಲ್ಲ, ಒಬ್ಬನೇ ತಿರುಗಿ ಬಂದ. ಮುಂದೊಂದು ದಿನ ಆ ಊರಿನಿಂದ ಸುದ್ದಿ ತಂದವನು ಬಂದಾಗ ಅಪ್ಪ ಉಣ್ಣುತ್ತಿದ್ದ. ಅಮ್ಮ ಅವನನ್ನು ಅಂಗಳದಲ್ಲೇ ನಿಲ್ಲಿಸಿದಳು. ಅವನು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಅಮ್ಮ ಕೈ ಎತ್ತಿ ತಡೆದಳು. ಅಪ್ಪ ಅನ್ನ ಮುಗಿಸಿ, ತಾಟು ತೊಳೆದ ನೀರು ಕುಡಿದು, ಹೊರಗೆ ಬಂದ ಮೇಲೆ ಅವನು ಹೇಳಿದ. ಹೆರಿಗೆಯಲ್ಲಿ ತಾಯಿ, ಕೂಸು ಎರಡೂ ಹೋಗಿದ್ದವು. ನಾವು ಹೋಗಿ ಮುಟ್ಟುವುದರೊಳಗೆ ಮಣ್ಣು ಮಾಡಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಆ ನೇಮ ಹೋಯಿತು. ಬಿಡೋಣ ಎಂದು ಯಾರೂ ಹೇಳಲಿಲ್ಲ. ಉಣ್ಣುವವರನ್ನು ಕರೆದರು, ಎದ್ದು ಹೋದರು, ತಿರುಗಿ ಬಂದು ತಣ್ಣಗಾದದ್ದನ್ನು ತಿಂದರು. ಅಮ್ಮ ಹೋದಳು, ಅವ್ವ ಹೋದಳು. ನನ್ನ ಲಗ್ನ ಊರಲ್ಲೇ ಆಯಿತು, ಅಪ್ಪ ನನ್ನನ್ನು ತನ್ನ ಕಣ್ಣಳತೆಯಲ್ಲೇ ಇಟ್ಟುಕೊಂಡ.

ತೊಂಬತ್ತನೇ ಇಸವಿಯ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು. ಮೂರು ಹೊತ್ತೂ ನಾನೇ ಹೋಗಿ ಉಣಿಸುತ್ತಿದ್ದೆ. ಎಲ್ಲ ತಿನ್ನುವನು, ಕಡೇ ತುತ್ತಿಗೆ ಬಾಯಿ ಮುಚ್ಚುವನು. ಗದರಿದರೂ ತೆರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ಯಾರ ಮುಂದೆಯೂ ಹೇಳದ್ದನ್ನು ಹೇಳಿದೆ.

"ಯಪ್ಪಾ, ಅವತ್ತು ಹೋಟೆಲಿನ್ಯಾಗ ಅಕ್ಕನ ದೋಸಿ ನಾ ತಿಂದೆ. ನಂದು ಅನ್ಕೊಂಡೆ."

ಅಪ್ಪ ಮಾಳಿಗೆಯ ತೊಲೆಯ ಕಡೆ ಮುಖ ತಿರುಗಿಸಿದ. ಕೇಳಿಸಲಿಲ್ಲ ಎಂದುಕೊಂಡೆ.

"ನಂಗ ಗೊತ್ತೈತಿ," ಎಂದ. "ನೀ ಸಣ್ಣಾಕಿ ಇದ್ದಿ. ನಾನರ ಇನ್ನೊಂದು ದೋಸಿ ಹೇಳಬೇಕಿತ್ತು."

ತುತ್ತು ನನ್ನ ಕೈಯಲ್ಲೇ ಇತ್ತು. ಅವನೂ ಬಾಯಿ ತೆರೆಯಲಿಲ್ಲ, ನಾನೂ ತಿನ್ನಲಿಲ್ಲ.