ಉಗುರಿನ ತುದಿಯ ಕೆಂಪು

ನಮ್ಮ ಪೆರಂಬೂರಿನ ಮನೆಯ ಬಾವಿಕಟ್ಟೆಯ ಪಕ್ಕ ಒಂದು ಗೋರಂಟಿ ಗಿಡವಿತ್ತು. ವಠಾರದ ತಮಿಳರು ಅದನ್ನು ಮರುದಾಣಿ ಎನ್ನುತ್ತಿದ್ದರು. ಆ ಗಿಡ ಯಾವಾಗ ನೋಡಿದರೂ ಬೋಳಾಗಿರುತ್ತಿತ್ತು, ಬೋಳಿಸುತ್ತಿದ್ದವಳು ನಾನು. ಪ್ರತಿ ಶನಿವಾರ ಬೆಳಿಗ್ಗೆ ಎಲೆ ಸವರಿ ತರುವುದು, ರುಬ್ಬುವ ಕಲ್ಲಿಗೆ ಹಾಕಿ ಒಂದು ಚೂರು ಕಾಚು, ಒಂದಿಷ್ಟು ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬುವುದು ನನ್ನ ಕೆಲಸ. ಆಗ ನನಗೆ ಹನ್ನೊಂದು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು.

ಬೇರೆ ಮನೆಗಳಲ್ಲಿ ಹಬ್ಬಕ್ಕೋ ಮದುವೆಗೋ ಗೋರಂಟಿ ಹಚ್ಚುತ್ತಿದ್ದರು. ನಮ್ಮಲ್ಲಿ ಅದು ವಾರದ ಕೆಲಸ. ಕಾರಣ ಅಕ್ಕನ ಬೆರಳಿನಲ್ಲಿತ್ತು. ಒಂದು ದಿನ ಬಲಗೈಯ ತೋರುಬೆರಳಿನಲ್ಲಿ, ಉಗುರಿನ ಬುಡದ ಹತ್ತಿರ, ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿತು. ವೀಳ್ಯದೆಲೆಗೆ ಹಚ್ಚುವ ಸುಣ್ಣ ತಾಗಿದೆ ಎಂದುಕೊಂಡು ಅಕ್ಕ ತೊಳೆದುಕೊಂಡಳು. ಅದು ಹೋಗಲಿಲ್ಲ. ಆರು ತಿಂಗಳಲ್ಲಿ ಎರಡೂ ಕೈಗಳ ಬೆರಳ ತುದಿಗಳೆಲ್ಲ ಬೆಳ್ಳಗಾದವು.

ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಅವಳನ್ನು ಎಗ್ಮೋರಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಇದರಿಂದ ಆರೋಗ್ಯಕ್ಕೆ ಏನೂ ತೊಂದರೆಯಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ, ಆದರೆ ಖಂಡಿತ ವಾಸಿಯಾಗುತ್ತದೆಂದು ಹೇಳಲಾರೆ ಎಂದರಂತೆ ಅವರು. ಮೂರು ಮಾತಿನಲ್ಲಿ ಅಮ್ಮನ ಕಿವಿಗೆ ಬಿದ್ದದ್ದು ಕೊನೆಯದು ಮಾತ್ರ. ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ‘ಆ ಬಿಳುಪು’ ಎನ್ನುತ್ತಿದ್ದಳು ಅಮ್ಮ, ಅದೂ ಬಾಗಿಲು ಮುಚ್ಚಿಕೊಂಡು.

ಅಮ್ಮನಿಗೆ ಹೆಣ್ಣುಮಕ್ಕಳ ಮೈಯೆಂದರೆ ಅವಳೇ ತಿದ್ದಿ ತೀಡಿ ಒಪ್ಪಿಸಬೇಕಾದ ಕೆಲಸ. ಶುಕ್ರವಾರ ಹರಳೆಣ್ಣೆ ಕಾಯಿಸಿ ತಲೆಗೆ ತಟ್ಟಿ, ಸೀಗೇಕಾಯಿ ಹಾಕಿ ತಿಕ್ಕಿ, ಸಾಂಬ್ರಾಣಿ ಹೊಗೆಯ ಮೇಲೆ ಕೂದಲು ಹರಡಿ ಒಣಗಿಸುತ್ತಿದ್ದಳು. ಕಡಲೆಹಿಟ್ಟು, ಕಸ್ತೂರಿ ಅರಿಸಿನ, ಹಾಲಿನ ಕೆನೆ ಯಾವುದೂ ತಪ್ಪುತ್ತಿರಲಿಲ್ಲ. ಅಕ್ಕನ ಜಡೆ ಸೊಂಟ ದಾಟುತ್ತಿತ್ತು. ಅಷ್ಟೆಲ್ಲ ಮಾಡಿ ಬೆಳೆಸಿದ ಮಗಳ ಬೆರಳು ಹೀಗಾದದ್ದನ್ನು ಅಮ್ಮ ತನಗಾದ ಅವಮಾನವೆಂದೇ ತಿಳಿದಳು. ವಡಪಳನಿ ಮುರುಗನಿಗೆ ಹರಕೆ ಹೊತ್ತಳು. ನಾಟಿ ಮದ್ದಿನ ಅಂಗಡಿಯಿಂದ ಬಾವಂಚಿ ಬೀಜ ತರಿಸಿ, ಅರೆದು ಹಚ್ಚಿ, ಮದರಾಸಿನ ಬಿಸಿಲಿನಲ್ಲಿ ಅಕ್ಕನನ್ನು ಮಹಡಿಯ ಮೇಲೆ ಕೂರಿಸಿದಳು. ಬೆರಳೆಲ್ಲ ಬೊಬ್ಬೆಯೆದ್ದು ನೀರಾಡಿತು. ಬೊಬ್ಬೆ ಒಣಗಿದ ಮೇಲೆ ಬಿಳುಪು ಮೊದಲಿಗಿಂತ ಹೆಚ್ಚಾಗಿತ್ತು.

ಆಗ ಹೊಳೆದದ್ದು ಗೋರಂಟಿ. ಬೆರಳ ತುದಿಗಳಿಗೆ ಟೋಪಿ ತೊಡಿಸಿದ ಹಾಗೆ ದಪ್ಪಗೆ ಹಚ್ಚುವುದು ಹೇಗೂ ನಮ್ಮ ಕಡೆಯ ಪದ್ಧತಿ. ಬಿಳುಪಿದ್ದದ್ದೂ ಸರಿಯಾಗಿ ಅಷ್ಟೇ ಜಾಗದಲ್ಲಿ. ಶನಿವಾರ ಮಧ್ಯಾಹ್ನ ಅಕ್ಕ ಎರಡೂ ಕೈ ಚಾಚಿ ಕೂರುತ್ತಿದ್ದಳು, ಅಮ್ಮ ಮೆತ್ತುತ್ತಿದ್ದಳು. ಸಂಜೆಯವರೆಗೆ ಅವಳ ಮೂಗು ತುರಿಸುವುದು, ನೀರು ಕುಡಿಸುವುದು ನನ್ನ ಪಾಲು. ನನಗದು ಆಟ. ಪ್ರತಿಯಾಗಿ ಭಾನುವಾರ ಅವಳು ಅಪ್ಪನ ಹಳೇ ಬ್ಲೇಡಿನಲ್ಲಿ ನನ್ನ ಉಗುರು ಕತ್ತರಿಸುತ್ತಿದ್ದಳು, ಒಂದು ದಿನವೂ ಚುರುಕ್ ಎನ್ನಿಸಿದವಳಲ್ಲ.

ಮರುವರ್ಷ ಎಗ್ಮೋರಿನಿಂದ ಹೆಣ್ಣು ನೋಡಲು ಬಂದರು. ನಮ್ಮವರೇ, ಕನ್ನಡದವರು, ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಎಲ್ಲ ಸರಾಗವಾಗಿ ನಡೆಯಿತು. ಹುಡುಗ ಎರಡು ಸಲ ಅಕ್ಕನತ್ತ ನೋಡಿ ನಕ್ಕದ್ದನ್ನು ನಾನೇ ಕಂಡೆ. ತಿಂಡಿಯಾದ ಮೇಲೆ ಹುಡುಗನ ತಾಯಿ ಕೈತೊಳೆಯಲು ಹಿತ್ತಲಿಗೆ ಬಂದರು. ನೀರು ಹಾಕಲು ಚೊಂಬು ಹಿಡಿದು ನಾನು ಹಿಂದೆ ಹೋದೆ.

"ಈ ಗಿಡ ಯಾಕಮ್ಮ ಹೀಗೆ ಬೋಳಾಗಿದೆ?" ಎಂದು ಕೇಳಿದರು.

"ಅಕ್ಕನಿಗೆ ಪ್ರತಿ ಶನಿವಾರ ಹಚ್ತೀವಲ್ಲ ಮಾಮಿ," ಎಂದೆ. "ಒಂದು ವಾರವೂ ತಪ್ಪಿಸಲ್ಲ. ಅಮ್ಮ ಬಿಡೋದೇ ಇಲ್ಲ."

ಅಕ್ಕನನ್ನು ಹೊಗಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಬಿಳುಪಿನ ವಿಷಯ ಬಾಯಿ ಬಿಡಬಾರದೆಂದು ಅಮ್ಮ ಆಣೆ ಹಾಕಿಸಿದ್ದಳು, ನಾನು ಅದರ ಸುದ್ದಿ ಎತ್ತಿರಲಿಲ್ಲ. ಆಕೆ ನೇರ ಒಳಗೆ ಹೋಗಿ, ಹೂ ಕೊಡುವ ನೆಪದಲ್ಲಿ ಅಕ್ಕನ ಕೈ ಹಿಡಿದುಕೊಂಡರು. ಬಣ್ಣ ಮುಗಿಯುವ ಕಡೆ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಬೆಳ್ಳಗಾದ ಚರ್ಮದ ಮೇಲೆ ಗೋರಂಟಿ ಕಿತ್ತಳೆಯಾಗಿ ಹತ್ತುತ್ತದೆ, ಉಳಿದ ಕಡೆ ಕಡುಗೆಂಪಾಗಿ. ಹುಡುಕುವ ಕಣ್ಣಿಗೆ ಅಷ್ಟು ಸಾಕು. "ಮನೆಗೆ ಹೋಗಿ ಕಾಗದ ಬರೀತೀವಿ," ಎಂದು ಎದ್ದರು. ಎಗ್ಮೋರಿನಿಂದ ಪೆರಂಬೂರಿಗೆ ಕಾಗದ ಬರೆಯುವವರನ್ನು ನಾನಂತೂ ಕಂಡಿರಲಿಲ್ಲ. ಆ ಕಾಗದವೂ ಬರಲಿಲ್ಲ.

ನಾನು ಏನು ಹೇಳಿದೆನೆಂದು ತಿಳಿದಾಗ ಅಮ್ಮ ಕೆನ್ನೆಗೆ ಬಾರಿಸಿದಳು. "ಬಾಯಿಬಡಕಿ, ನಿನ್ನ ಅಕ್ಕನ ಬಾಳು ಹಾಳು ಮಾಡಿದೆಯಲ್ಲೇ," ಎಂದು ಅತ್ತಳು. ಅಕ್ಕ ನನ್ನನ್ನು ಎಳೆದು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು. "ಅವಳು ಇದ್ದದ್ದನ್ನ ಹೇಳಿದಳು. ಬಿಡಮ್ಮ ಅವಳನ್ನ," ಎಂದಳು.

ಮುಂದಿನ ಶನಿವಾರ ನಾನು ಎಂದಿನಂತೆ ರುಬ್ಬಿಟ್ಟೆ. ಅಕ್ಕ ಕೈ ಚಾಚಲಿಲ್ಲ. "ಸಾಕು ಕಣೇ," ಎಂದಳು. ಅಮ್ಮ ಬೈದಳು, ಬೇಡಿದಳು, ಒಂದು ಹೊತ್ತು ಊಟ ಬಿಟ್ಟಳು. ಅಕ್ಕ ಜಗ್ಗಲಿಲ್ಲ. ಚರ್ಮದ ಬಣ್ಣ ಎರಡು ವಾರದಲ್ಲಿ ಹೋಯಿತು. ಉಗುರಿಗೆ ಹತ್ತಿದ್ದು ಹಾಗೆ ಹೋಗುವುದಲ್ಲ, ಉಗುರು ಬೆಳೆದೇ ಹೋಗಬೇಕು. ಬುಡದಿಂದ ಬರಿಯ ಉಗುರು ಮೇಲೇರುತ್ತಾ, ಕೆಂಪು ತುದಿಗೆ ಸರಿಯುತ್ತಾ, ಕತ್ತರಿಸಿ ಕತ್ತರಿಸಿ ಮುಗಿಯುವ ಹೊತ್ತಿಗೆ ಐದಾರು ತಿಂಗಳಾಯಿತು. ಅಷ್ಟರಲ್ಲಿ ಅವಳು ಟೈಪಿಂಗ್ ಕಲಿಯಲು ಸೇರಿದ್ದಳು.

ಬರಿಗೈಯಲ್ಲಿ ಹೊರಗೆ ಹೋಗುವುದು ಸುಲಭವಿರಲಿಲ್ಲ. "ಒಟ್ಟಿಕ್ಕುಮಾ ಮಾಮಿ?" ಎಂದು ಎದುರುಮನೆಯಾಕೆ ಅಮ್ಮನನ್ನು ಕೇಳಿಯೇ ಬಿಟ್ಟಳು, ಅಂಟಿಕೊಳ್ಳುತ್ತದಾ ಎಂದು. ಬಸ್ಸಿನ ಕಂಡಕ್ಟರು ಟಿಕೆಟ್ಟನ್ನು ಅವಳ ಅಂಗೈಗೆ ಮೇಲಿನಿಂದ ಉದುರಿಸುತ್ತಿದ್ದ. ಪಕ್ಕದಲ್ಲಿ ಕೂತ ನನಗೆ ಅವನ ಮೇಲೆ ಕೈಯೆತ್ತುವಷ್ಟು ಸಿಟ್ಟು ಬರುತ್ತಿತ್ತು. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆದಳು. ಕಪ್ಪು ಕೀಲಿಗಳ ಮೇಲೆ ಆ ಬಿಳಿಯ ಬೆರಳುಗಳನ್ನು ಇಡೀ ಕಚೇರಿ ದಿನವೂ ನೋಡುತ್ತಿತ್ತು, ನೋಡಿ ನೋಡಿ ಅಭ್ಯಾಸವಾಯಿತು. ಗಂಡುಗಳು ಮತ್ತೆ ಬರಲಿಲ್ಲ. ಬಾವಿಯ ಪಕ್ಕದ ಗಿಡ ಎಲೆ ತುಂಬಿ ಪೊದೆಯಾಯಿತು.

ಅರವತ್ತರ ದಶಕದ ಕೊನೆಗೆ ನನ್ನ ಮದುವೆ ಗೊತ್ತಾಯಿತು. ನನ್ನನ್ನು ನೋಡಲು ಬಂದಾಗ ಅಕ್ಕ ಕಚೇರಿಯಲ್ಲಿದ್ದಳು. ಅದು ಹಾಗೆ ಒದಗಿಬಂತು ಎಂದು ಎಲ್ಲರೂ ಹೇಳಿದೆವು. ಮದುವೆಯಲ್ಲಿ ಮಾತ್ರ ಅವಳು ಇರಲೇಬೇಕಲ್ಲ. ಗಂಡಿನ ಕಡೆಯವರು ನೂರು ಜನ ಬರುವವರು. ಅಮ್ಮ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಈ ಸಲ ಅಮ್ಮನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ಮದುವೆಗೆ ಎರಡು ದಿನ ಇರುವಾಗ ನಾನೇ ಹೋಗಿ ಗಿಡ ಸವರಿದೆ. ಮದುಮಗಳು ರುಬ್ಬುವುದೇ ಎಂದು ಬಂದಿದ್ದ ನೆಂಟರು ತಮಾಷೆ ಮಾಡಿದರು. ಯಾರಿಗೂ ಬಿಡದೆ ನಾನೇ ರುಬ್ಬಿದೆ. ನನ್ನ ಕೈಗೆ ಹಚ್ಚಲು ಅಕ್ಕ ಬಂದು ಕೂತಳು.

"ಮೊದಲು ನಿನಗೆ ಹಚ್ತೀನಿ ಅಕ್ಕ," ಎಂದೆ. "ಎಲ್ಲರೂ ಹಚ್ಕೋತಾ ಇದಾರೆ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು. ಎರಡೂ ಕೈ ಚಾಚಿದಳು, ಹಿಂದೆ ಚಾಚುತ್ತಿದ್ದ ಹಾಗೆಯೇ. ಹತ್ತು ಬೆರಳಿಗೂ ದಪ್ಪಗೆ ಮೆತ್ತಿದೆ. ಆ ಹೊತ್ತಿಗೆ ಅವಳ ತುಟಿಯ ಅಂಚಿನಲ್ಲೂ ಬಿಳುಪು ಬಂದಿತ್ತು.

"ತುಟಿಗೇನು ಮಾಡೋದು?" ಎಂದು ಕೇಳಿದಳು. ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

"ಎಲೆ ಅಡಿಕೆ ಹಾಕ್ಕೊಂಡ್ರೆ ಕೆಂಪಾಗತ್ತೆ," ಎಂದೆ. ಅದನ್ನೂ ನಾನು ಮೊದಲೇ ಯೋಚಿಸಿಟ್ಟಿದ್ದೆ.

ಮದುವೆಯ ಎರಡು ದಿನವೂ ಅಕ್ಕ ಎಲೆ ಅಡಿಕೆ ಜಗಿಯುತ್ತಾ ಓಡಾಡಿದಳು. ಯಾರೂ ಏನೂ ಕೇಳಲಿಲ್ಲ. ಆರತಿ ಎತ್ತುವಾಗ ಅವಳ ಕೈ ನನ್ನ ಮುಖದ ಮುಂದೆ ಬಂದಾಗ ನಾನು ಮೊದಲು ನೋಡಿದ್ದು ಬೆರಳಿನ ಬಣ್ಣ ಸಮನಾಗಿದೆಯೇ ಎಂದು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ದೀಪಾವಳಿಗೆ ತವರಿಗೆ ಹೋದೆ. ಹಬ್ಬದ ಹಿಂದಿನ ಭಾನುವಾರ, ಅಕ್ಕ ಜಗಲಿಯ ಮೇಲೆ ಹಳೇ ಪೇಪರು ಹಾಸಿಕೊಂಡು ಉಗುರು ಕತ್ತರಿಸುತ್ತಿದ್ದಳು. ನನ್ನ ಮದುವೆಯ ಕೆಂಪು ಉಗುರಿನ ತುದಿಯಲ್ಲಿ ನೂಲಿನಷ್ಟು ಉಳಿದಿತ್ತು. ಆ ಚೂರುಗಳು ಒಂದೊಂದೇ ಪೇಪರಿನ ಮೇಲೆ ಬಿದ್ದವು. ನಾನು ಪಕ್ಕದಲ್ಲಿ ಕೂತೆ.

"ಆಫೀಸಿನಲ್ಲಿ ಎಲ್ಲರೂ ಕೇಳಿದರು," ಎಂದಳು ತಲೆಯೆತ್ತದೆ. "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಮುಚ್ಕೊಂಡೆ ಅಂತ."

"ಏನಂದೆ?"

"ತಂಗಿ ಮದುವೆ ಇತ್ತು ಅಂದೆ."

ಕೊನೆಯ ಉಗುರನ್ನೂ ಕತ್ತರಿಸಿ, ಬ್ಲೇಡನ್ನು ಸೆರಗಿನಲ್ಲಿ ಒರೆಸಿದಳು. ಅವಳು ಆ ಬಿಳಿಯ ಬೆರಳುಗಳಿಂದ ನನ್ನ ಕೈ ತೆಗೆದುಕೊಂಡು ತಿರುಗಿಸಿ ನೋಡಿದಳು.

"ನಿನ್ನದೂ ಬೆಳೆದಿದೆ, ಅಲ್ಲಾಡಬೇಡ," ಎಂದು ಕತ್ತರಿಸತೊಡಗಿದಳು.